ಸತ್ತ ಹುಳ ತೋರಿಸು ಎಂದವರು

ಸೂರ್ಯ ಮೂಡಲು ಇನ್ನೂ ಅರ್ಧ ಗಂಟೆಯಿದೆ. ಆಸ್ಪತ್ರೆ ಎದುರಿನ ರಸ್ತೆಯಲ್ಲಿ ಕಹಿಯಕ್ಕ ಹದಿನಾರು ಲೀಟರಿನ ಪಂಪು ಬೆನ್ನಿಗೇರಿಸಿ, ಉದ್ದನೆಯ ಕೊಳವೆಯನ್ನು ಕೊಂಬೆಗಳ ನಡುವೆ ತೂರಿಸಿ ಬೇವಿನ ಬೀಜದ ಕಷಾಯ ಸಿಂಪಡಿಸುತ್ತಿದ್ದಾರೆ. ಎಲೆ ತಿನ್ನುವ ದುಂಬಿಗಳು ಮರಗಳನ್ನು ಜರಡಿ ಮಾಡಿಟ್ಟಿವೆ. ಕಷಾಯದಲ್ಲಿ ಅರ್ಧ ಅವರ ತಲೆಯ ಮೇಲೇ ಸುರಿಯುತ್ತದೆ.

"ಮೇಲ್ಗಡೆ ಹೊಡೆದ್ರೆ ದಂಡ. ಮರಿಹುಳ ಎಲ್ಲಾ ಎಲೆ ಅಡೀಲಿರ್ತಾವೆ. ಬಿಸಿಲು ಬಿದ್ರೆ ಕಷಾಯದ ಶಕ್ತಿ ಹೋಗುತ್ತೆ, ಈಗ ಮಾತಾಡಿಸ್ಬೇಡಿ," ಎನ್ನುತ್ತಾರೆ. ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದಿರುವ ನಾನು ಪೆನ್ನು ಜೇಬಿಗಿಟ್ಟು ನೋಡುತ್ತೇನೆ.

ನಗರಸಭೆಯ ಮರಗಳ ವಿಭಾಗದಲ್ಲಿ ಅವರದು ಹದಿನಾಲ್ಕು ವರ್ಷದ ದುಡಿಮೆ. ಮೊದಲ ಆರು ವರ್ಷ ರಾಸಾಯನಿಕ ವಿಷ ಹೊಡೆದರು. ಕೈಗವಸು ಕೇಳಿದಾಗಲೆಲ್ಲ "ನಾಳೆ" ಎಂಬ ಉತ್ತರ ಸಿಕ್ಕಿತು. ಸುಲಿದ ಕತ್ತಿನ ಚರ್ಮ ಇಂದಿಗೂ ಕಪ್ಪಾಗಿದೆ. ಬೀಜ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ನೆನೆಸಿ, ಸೋಸಿ, ಸೋಪಿನ ನೀರು ಬೆರೆಸುವುದನ್ನು ಹಟ ಹಿಡಿದು ಕಲಿತದ್ದು ಆಮೇಲೆ. ಕಷಾಯದ ಡ್ರಮ್ಮು ಅವರ ಮನೆಯ ಬಚ್ಚಲಲ್ಲಿದೆ, ಕಚೇರಿಯಲ್ಲಿ ಜಾಗವಿಲ್ಲವಂತೆ! "ಅತ್ತಿಗೆ ಸ್ನಾನ ಮಾಡಿದ ನೀರು ಹೊಡೆದ್ರೂ ಹುಳ ಊರು ಬಿಡ್ತಾವೆ," ಎಂದು ನಾದಿನಿ ನಗುತ್ತಾಳೆ. ಕಹಿಯಕ್ಕ ಎಂದು ಹೆಸರಿಟ್ಟವಳೂ ಅವಳೇ.

ಒಂದು ಬೆಳಿಗ್ಗೆಗೆ ಆರು ಪಂಪು ಕಷಾಯ, ಹತ್ತು ಮರ. ನಲವತ್ತು ಮರಗಳ ಈ ರಸ್ತೆಗೆ ನಾಲ್ಕು ದಿನ. ಮೊದಲ ಸುತ್ತು ಮುಗಿದ ಮರುದಿನವೇ ಮೇಲಧಿಕಾರಿ ಬಂದು ಸತ್ತ ಹುಳ ತೋರಿಸು ಎಂದರು. ನೆಲದಲ್ಲಿ ಒಂದೂ ಇರಲಿಲ್ಲ. ಔಷಧಿ ಕೆಲಸ ಮಾಡಿಲ್ಲವೆಂದು ಬರೆದು, ಹೆಚ್ಚು ತೂತು ಬಿದ್ದ ಹನ್ನೊಂದು ಮರಗಳಿಗೆ ಕೆಂಪು ಬಣ್ಣ ಬಳಿಸಿದರು. ಎರಡು ವಾರದಲ್ಲಿ ಹುಳ ಹೋಗದಿದ್ದರೆ ಆ ಹನ್ನೊಂದನ್ನೂ ಕಡಿಯುತ್ತಾರೆ.

ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಬೇವು ಹುಳವನ್ನು ನಿಂತಲ್ಲೇ ಕೆಡವುವುದಿಲ್ಲ. ಅದರ ಬಾಯಿ ಕಟ್ಟುತ್ತದೆ, ಮರಿ ಬೆಳೆಯದಂತೆ ತಡೆಯುತ್ತದೆ, ಅದಕ್ಕೆ ದಿನಗಳು ಬೇಕು. ಇಷ್ಟನ್ನು ಕಹಿಯಕ್ಕನನ್ನೇ ಕೇಳಿದ್ದರೆ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ. "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ?" ಎಂದು ಅವರು ಈಗ ನನ್ನನ್ನು ಕೇಳುತ್ತಾರೆ.

ಕಚೇರಿಯ ಲಾರಿ ಚಾಲಕ ಒಂದು ಉಪಾಯ ಹೇಳಿಕೊಟ್ಟಿದ್ದ. "ಪಕ್ಕದ ಬೀದೀಲಿ ವಿಷ ಹೊಡೆದಿದ್ದಾರೆ. ಒಂದು ಬೊಗಸೆ ಸತ್ತ ಹುಳ ತಂದು ಇಲ್ಲಿ ಚೆಲ್ಲಕ್ಕಾ, ಮರ ಉಳಿಯುತ್ತೆ."

ಕಹಿಯಕ್ಕ ಒಪ್ಪಲಿಲ್ಲ. "ಈ ಸಲ ಉಳಿಯುತ್ತೆ ಕಣಯ್ಯಾ. ಮುಂದಿನ ಸಲಾನೂ ಹೆಣಾನೇ ಕೇಳ್ತಾರೆ. ಆಗ ಮತ್ತೆ ಆ ವಿಷಾನೇ ಹೊರ್ಬೇಕು."

ಬದಲಿಗೆ, ಕೆಂಪು ಬಣ್ಣದ ಒಂದೊಂದು ಮರದಲ್ಲೂ ಹೊಸ ಚಿಗುರಿಗೆ ಬಿಳಿ ದಾರ ಕಟ್ಟಿದರು. ದಿನವೂ ಪಂಪು ಇಳಿಸಿದ ಮೇಲೆ ಅದರ ಎಲೆಗಳಲ್ಲಿ ತೂತು ಎಣಿಸುತ್ತಾರೆ. ಇಂದು ಹದಿಮೂರನೆಯ ದಿನ. ಕೊನೆಯ ಮರದ ಕೊಂಬೆ ಬಗ್ಗಿಸಿ ನನಗೂ ತೋರಿಸುತ್ತಾರೆ. ದಾರದಿಂದ ಮೇಲಕ್ಕೆ ಹೊಸದಾಗಿ ಬಂದ ಐದು ಎಲೆ, ಎಲ್ಲವೂ ಇಡಿಯಾಗಿವೆ. ಹನ್ನೊಂದರಲ್ಲೂ ಹೀಗೇ ಇದೆ.

ನಾಳೆ ಮೇಲಧಿಕಾರಿ ಮತ್ತೆ ಬರುತ್ತಾರೆ. ಗರಗಸದ ಲಾರಿಯೂ ಜೊತೆಗೆ ಬರುತ್ತದೆ.

"ಸಾಹೇಬ್ರು ಒಂದು ಸಲ ಕತ್ತೆತ್ತಿ ಎಲೆ ನೋಡ್ಲಿ, ಅಷ್ಟು ಸಾಕು," ಎನ್ನುತ್ತಾ ಕಹಿಯಕ್ಕ ಮುಖ ಒರೆಸಿಕೊಳ್ಳುತ್ತಾರೆ. "ಎತ್ತೋಕಾಗಲ್ಲ ಅಂದ್ರೆ ಕೊಂಬೆ ಬಗ್ಗಿಸಿ ಅವರ ಮೂಗಿನ ಹತ್ರಾನೇ ಹಿಡಿತೀನಿ. ನೋಡೋ ತನಕ ಬಿಡಲ್ಲ."