ಒದರುವ ಪೆಟ್ಟಿಗೆ

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾವು, ದೆವ್ವಗಳಿಗೆ ಅಷ್ಟಾಗಿ ಅಂಜಿದವನಲ್ಲ. ದೊಡ್ಡವರು ಹುಬ್ಬು ಗಂಟಿಕ್ಕಿದರೆ ಸಾಕು, ಬಾಗಿಲು ಎಲ್ಲಿದೆ ಎಂದು ನೋಡುತ್ತಿದ್ದೆ. ಅಂಥವನ ಕೊರಳಿಗೆ ಎಂಬತ್ತರ ದಶಕದ ಕೊನೆಯಲ್ಲಿ ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಆರಿಸುವ ಕೆಲಸ ಬಿತ್ತು. ತಪ್ಪಿದರೆ ಹೋಗುವುದು ನನ್ನದಲ್ಲ, ನನ್ನ ಅಕ್ಕನ ನೌಕರಿ.

ಆಗ ನಾನು ಹಿರೇಕೆರೂರಿನ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕಾರಕೂನ. ಸಾಹುಕಾರರಿಗೆ ಹಾನಗಲ್ಲು, ಶಿಗ್ಗಾವಿ, ಸವಣೂರಿನಲ್ಲೂ ಖರೀದಿ ಅಂಗಡಿಗಳಿದ್ದವು. ದಿನದಿನದ ದರವನ್ನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಒಬ್ಬರಿಗೊಬ್ಬರು ತಿಳಿಸಬೇಕಿತ್ತು. ನಡುವೆ ಯಾರೋ ಕದ್ದು ಕೇಳುತ್ತಾರೆ, ನಮ್ಮ ದರ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಗುಮಾನಿ ಸಾಹುಕಾರರಿಗೆ. ಹುಬ್ಬಳ್ಳಿಯಲ್ಲಿ ಯಾರೋ ಅವರಿಗೆ ಕಂಪ್ಯೂಟರಿನ ಹುಚ್ಚು ಹಿಡಿಸಿ ಕಳಿಸಿದರು. ಹಿರೇಕೆರೂರಿನ ಕಂಪ್ಯೂಟರಿನೊಳಗೆ ಒಂದು ಫಲಕ ಇರುತ್ತದಂತೆ. ಉಳಿದ ಮೂರು ಊರಿನವರು ಫೋನಿನ ತಂತಿಯ ಮೇಲೆಯೇ ಅದರಲ್ಲಿ ತಮ್ಮ ದರ ಬರೆಯಬಹುದು, ಬೇರೆಯವರದನ್ನು ಓದಬಹುದು. ಕದ್ದು ಕೇಳಿದವನಿಗೆ ಬರೀ ಗೊರಗೊರ ಸದ್ದು. ಈ ಮಾಯೆಗೆ ಕಂಪ್ಯೂಟರಿಗೂ ಫೋನಿಗೂ ನಡುವೆ ಮೋಡೆಮ್ ಎಂಬ ಪೆಟ್ಟಿಗೆ ಬೇಕು.

ಇದನ್ನು ಕೇಳಿದ ಕೂಡಲೇ ನನಗೆ ಅಕ್ಕ ನೆನಪಾದಳು. ಆಕೆಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಂದಿಲ್ಲ. ಧಾರವಾಡದ ಕಡೆ ಶಾಲೆಯಲ್ಲಿದ್ದು ಓದು, ಬರಹ, ಟೈಪಿಂಗ್ ಎಲ್ಲ ಕಲಿತು ಬಂದಿದ್ದಳು. ಬಂದು ಏನು ಮಾಡಿದಳು? ಅಬಲೂರಿನ ನಮ್ಮ ಮನೆಯ ಹಿತ್ತಲಲ್ಲಿ ಕೂತಳು. ಮಂದಿ ಬಂದರೆ ಅವ್ವ ‘ಒಳಗೆ ಹೋಗು’ ಎಂದು ಕೈಸನ್ನೆ ಮಾಡುತ್ತಿದ್ದಳು. ಆ ಸನ್ನೆ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ಉಣ್ಣು, ನೀರು ತಾ, ಎಮ್ಮೆ ಕಟ್ಟು, ಇವೂ ಬರುತ್ತಿದ್ದವು. ಅದರಾಚೆ ಆಕೆಯನ್ನು ಏನಾದರೂ ಕೇಳುವ ಸನ್ನೆ ನಮ್ಮಲ್ಲಿ ಇರಲೇ ಇಲ್ಲ. ಅಪ್ಪ ಅವ್ವನಿಗೆ ಅಕ್ಷರ ಬಾರದು. ನಾನು ಚೀಟಿ ಬರೆದು ಕೇಳಿದರೆ ಆಕೆ ಎಲ್ಲರ ಮುಖ ನೋಡಿ, ನಕ್ಕು, ಚೀಟಿಯನ್ನು ಒಲೆಗೆ ಹಾಕುತ್ತಿದ್ದಳು.

ಸಾಹುಕಾರರ ಮುಂದೆ ನಿಂತು, “ಈ ಕೆಲಸಕ್ಕ ಕಿವಿ ಬೇಕಾಗಿಲ್ರಿ, ಬೆರಳಿದ್ರ ಸಾಕ್ರಿ” ಎಂದುಬಿಟ್ಟೆ. ಎಲ್ಲಿಂದ ಧೈರ್ಯ ಬಂತೋ ಶಿವನೇ ಬಲ್ಲ.

ಅವರು ಹೇಳಿದರು: “ಸವಣೂರಾಗ ಕುಂಡ್ರಸು. ನೋಡೂಣಂತ. ಆಗಲಿಲ್ಲಂದ್ರ ಕಿವಿ ಇದ್ದವರನ್ನ ತರ್ತೇನಿ, ಆಮ್ಯಾಲ ನನ್ನ ಮುಂದ ಅಳಬ್ಯಾಡ.”

ಸವಣೂರಿನಲ್ಲಿ ನಮ್ಮ ಚಿಗವ್ವನ ಮನೆಯಿತ್ತು. ಅಕ್ಕ ಅಲ್ಲಿಗೆ ಹೋದಳು. ಅಂಗಡಿಯ ಮುಂಭಾಗದಲ್ಲಿ, ಬೀದಿಗೆ ಮುಖ ಮಾಡಿದ ಕುರ್ಚಿಯಲ್ಲಿ ಆಕೆ ಕೂತದ್ದನ್ನು ನೋಡಿ ನನಗೆ ಖುಷಿಗಿಂತ ದಿಗಿಲೇ ಹೆಚ್ಚಾಯಿತು. ಇಷ್ಟು ಮುಂದೆ ಕೂತವಳನ್ನು ತಿರುಗಿ ಹಿತ್ತಲಿಗೆ ಕಳಿಸಿದರೆ ಹೇಗೆ ತಡೆದುಕೊಂಡಾಳು?

ಮಾರಾಟಕ್ಕೆ ಬಂದವನು ಎರಡು ಬಗೆಯ ಮೋಡೆಮ್ ತಂದಿದ್ದ. ಒಂದು ಅವನ ಕಂಪನಿಯದೇ ಸ್ವಂತ ಪದ್ಧತಿಯದು. ಭಾರೀ ಓಟ. ಆದರೆ ತನ್ನ ಕಂಪನಿಯ ಪೆಟ್ಟಿಗೆಯ ಜೊತೆಗಷ್ಟೇ ಅದರ ಮಾತು. ಬೇರೆ ಯಾರನ್ನೂ ಮೂಸಿ ನೋಡುವುದಿಲ್ಲ. ಇನ್ನೊಂದು ಎಲ್ಲ ಕಂಪನಿಗಳೂ ಒಪ್ಪಿಕೊಂಡ ಸ್ಟ್ಯಾಂಡರ್ಡ್ ಪದ್ಧತಿಯದು. ಆಮೆಯ ನಡಿಗೆ, ಆದರೆ ಆ ಪದ್ಧತಿಯ ಯಾವ ಪೆಟ್ಟಿಗೆಯ ಜೊತೆಗಾದರೂ ಹೊಂದಿಕೊಂಡು ಹೋಗುತ್ತದೆ. ಕರೆ ಎತ್ತಿಕೊಂಡ ಕೂಡಲೇ ಅದು ಕಿವಿ ಹರಿಯುವಂತೆ ಒದರುತ್ತಿತ್ತು. ಮೊದಲನೆಯದು ಗಪ್‌ಚುಪ್; ಆಚೆಯವರು ಶುರು ಮಾಡುವವರೆಗೆ ಪಿಟ್ಟೆನ್ನುವುದಿಲ್ಲ.

“ಇದೇನಲೇ, ಹಂದಿ ಕೊಯ್ದಂಗ ಒದರತೈತಿ!” ಎಂದು ಸಾಹುಕಾರರು ಕಿವಿ ಮುಚ್ಚಿಕೊಂಡರು. ಅವರ ಮನಸ್ಸು ಓಡುವ ಪೆಟ್ಟಿಗೆಗೆ ಸೋತಿತ್ತು. ಹಾನಗಲ್ಲಿಗೂ ಶಿಗ್ಗಾವಿಗೂ ಅದು ಸಲೀಸಾಗಿ ನಡೆಯಿತು. ಅಲ್ಲಿಯವರು ಫೋನೆತ್ತಿ ಹಲೋ ಎನ್ನುತ್ತಿದ್ದರು, ನಮ್ಮ ಎಕ್ಸ್‌ಚೇಂಜಿನ ಆಪರೇಟರ್ ಬಾಯಾರು ಅದನ್ನು ಕೇಳಿ ನಮಗೆ ಜೋಡಿಸುತ್ತಿದ್ದರು, ಆಮೇಲೆ ಎರಡೂ ಕಡೆ ಪೆಟ್ಟಿಗೆಯ ಗುಂಡಿ ಒತ್ತುವುದು.

ಆಮೇಲೆ ಸವಣೂರಿನ ಸರದಿ. ಅಕ್ಕ ಗಂಟೆಯ ಅದುರು ತಿಳಿಯಲೆಂದು ಫೋನಿನ ಮೇಲೆ ಅಂಗೈ ಇಟ್ಟು ಕೂತಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಆಕೆ ಎತ್ತಿದಳು, ಗುಂಡಿಯನ್ನೂ ಒತ್ತಿದಳು. ಪೆಟ್ಟಿಗೆ ಪಿಟ್ಟೆನ್ನಲಿಲ್ಲ. ಅಕ್ಕನೂ ಅನ್ನಲಾರಳು. ಬಾಯಾರು, “ಹಲೋ ಸವಣೂರ, ಹಲೋ” ಎಂದು ಕೂಗಿ ಕೂಗಿ, “ಯಾರೂ ಇಲ್ರೀ ಅಲ್ಲೆ” ಎಂದು ತಂತಿ ಕಿತ್ತರು. ಮತ್ತೆ ಬುಕ್ ಮಾಡಿದೆ. ಮತ್ತೆ ಅದೇ ಹಾಡು.

ಸಾಹುಕಾರರು ಮೆತ್ತಗೆ ಅಂದರು: “ಪೆಟ್ಟಿಗಿ ಚಲೋ ಐತೋ. ಮಂದಿ ಬದಲಿ ಮಾಡೂಣು.”

ಬೈದಿದ್ದರೆ ವಾಸಿಯಿತ್ತು. ಆಗಲೇ ಅವರು ಅಂದಿದ್ದ ಹಂದಿಯ ಮಾತು ನೆನಪಾಯಿತು. ಹಲೋ ಅನ್ನಲು ಅಕ್ಕನಿಗಾಗದಿದ್ದರೆ ಅಷ್ಟೇ ಹೋಯಿತು. ಎತ್ತಿದ ಕೂಡಲೇ ಒದರುವ ಪೆಟ್ಟಿಗೆಯೊಂದು ಇದೆಯಲ್ಲ!

“ನಾಳಿ ಒಂದಿನ ಆ ಸ್ಟ್ಯಾಂಡರ್ಡ್ ಪೆಟ್ಟಿಗಿ ಹಚ್ಚಿ ನೋಡೂಣ್ರಿ” ಎಂದೆ. ನನ್ನ ದನಿ ನನಗೇ ಕೇಳಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನು ಅದನ್ನು ಹೂಂ ಎಂದೇ ಹಿಡಿದು, ಜೋಡಿಯಲ್ಲಿ ಒಂದು ಪೆಟ್ಟಿಗೆಯನ್ನು ನಮ್ಮಲ್ಲೇ ಬಿಟ್ಟು, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಾವೇರಿ ಬಸ್ಸು ಹತ್ತಿದೆ. ಅಲ್ಲಿಂದ ಸವಣೂರು. ಅಕ್ಕನಿಗೆ ಜೋಡಿಸುವುದನ್ನು ತೋರಿಸಿದೆ. ಆಕೆ ಅದನ್ನು ಬಿಚ್ಚಿ, ತಾನೇ ಮತ್ತೊಮ್ಮೆ ಜೋಡಿಸಿ ತೋರಿಸಿದಳು.

ಮರುದಿನ ಹಿರೇಕೆರೂರಿಗೆ ಮರಳಿದಾಗ ಸಾಹುಕಾರರು ನನ್ನ ಬೆನ್ನಿಗೇ ಕುರ್ಚಿ ಹಾಕಿಕೊಂಡು ಕೂತರು. ಕರೆ ಬುಕ್ ಮಾಡಿದೆ. ಕಾದೆ. ಒದರಿದರೂ ಬಾಯಾರು ಲೈನು ಕೆಟ್ಟಿದೆ ಎಂದು ಕಿತ್ತರೆ? ಅದನ್ನು ನಾನು ರಾತ್ರಿಯೆಲ್ಲ ಯೋಚಿಸಿದ್ದೆ, ಮಾಡುವುದೇನೆಂದು ಮಾತ್ರ ಹೊಳೆದಿರಲಿಲ್ಲ.

“ಹಲೋ ಸವಣೂರ” ಎಂದರು ಬಾಯಾರು. ಆಚೆಯಿಂದ ಕೀ ಎಂದು ಒಂದೇ ಸಮನೆ ಚೀತ್ಕಾರ.

“ಅಯ್ಯ ಯವ್ವಾ, ಏನಿದು! ಲೈನ್ ಕೆಟ್ಟೈತ್ರೀ, ತಗೀತೇನಿ.”

“ಬ್ಯಾಡ್ರೀ ಬಾಯಾರ!” ಎಂದು ನಾನು ಕಿರುಚಿದೆ. “ನಿಮ್ಮ ಕಾಲಿಗೆ ಬೀಳ್ತೇನಿ, ಕೀಳಬ್ಯಾಡ್ರಿ. ಲೈನ್ ಕೆಟ್ಟಿಲ್ರಿ. ಅಲ್ಲೆ ನಮ್ಮಕ್ಕ ಅದಾಳ್ರಿ. ಆಕಿಗೆ ಮಾತು ಬರೂದಿಲ್ರಿ. ಅದು ಆಕಿ ಹಲೋ ಅನ್ನೂದ್ರಿ!”

ಸದ್ದು ನಿಂತಿತು. ಕಿತ್ತೇಬಿಟ್ಟರು ಎಂದುಕೊಂಡೆ. ಆದರೆ ಅದು ಉಸಿರು ತೆಗೆದುಕೊಂಡು ಮತ್ತೆ ಒದರಿತು.

“ಹಂಗೇನು? ಮಾತಾಡ್ರಿ ಹಂಗಾರ” ಎಂದು ಬಾಯಾರು ಜೋಡಿಸಿದರು.

ಗುಂಡಿ ಒತ್ತಿದೆ. ಪರದೆಯ ಮೇಲೆ ಮೊದಲು ಹುಚ್ಚುಚ್ಚು ಅಕ್ಷರಗಳು ಬಂದವು. ಆಮೇಲೆ ಒಂದೊಂದೇ ಅಕ್ಷರವಾಗಿ ಸವಣೂರಿನ ದರ ಮೂಡಿತು. ಸಾಹುಕಾರರು ಕುರ್ಚಿಯಿಂದ ಎದ್ದು ಓದಿದರು. “ಭೇಷ್! ಹಳ್ಳಿ ಗಾಡಿ ಇದ್ದಂಗ ಐತಿ, ಆದ್ರ ಮುಟ್ಟತೈತಿ. ಇದ್ನ ಇಡೂಣು. ನಾಕೂ ಊರಿಗೆ ಇದ ಇರ್ಲಿ” ಎಂದು ದರ ಹೇಳಲು ಹತ್ತಿ ಮಾರಲು ಬಂದವರ ಕಡೆ ಓಡಿದರು. ಅಕ್ಕನ ಹೆಸರನ್ನೇ ಎತ್ತಲಿಲ್ಲ. ಎತ್ತದಿದ್ದರೆ ನೌಕರಿ ಉಳಿಯಿತೆಂದೇ ಅರ್ಥ.

ಪರದೆಯ ಮೇಲೆ ಅಕ್ಷರಗಳು ಮತ್ತೆ ಮೂಡತೊಡಗಿದವು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡ. “ತಮ್ಮಾ, ಕೆಲಸ ಆತೋ ಇಲ್ಲೋ?”

“ಆತು” ಎಂದು ಹೊಡೆದೆ.

“ಭಾಳ ಅಂಜಿದ್ದೆ.”

ಆಕೆಗೂ ಅಂಜಿಕೆ ಇದೆಯೆಂದು ನನಗೆ ಗೊತ್ತಾದದ್ದು ಆವತ್ತು. “ನಾನೂ” ಎಂದೆ.

“ಆಗದಿದ್ರೂ ಮನಿಗೆ ಬರೂದಿಲ್ಲಂತ ಠರಾಯಿಸಿದ್ದೆ. ಹಿತ್ತಲದಾಗ ಇನ್ನ ಕುಂಡ್ರೂದಿಲ್ಲ. ಅವ್ವಗ ಹೇಳು.”

ಬಾಯಾರು ಲೈನಿನ ನಡುವೆ ಬಂದು ಟೈಮ್ ಆತ್ರೀ ಎಂದರು. ಅಕ್ಷರಗಳು ಕಲಸಿಹೋದವು, ಲೈನು ಹೋಯಿತು.

ಸಂಜೆ ಅಬಲೂರಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. “ನೌಕರಿ ಆಟ ಸಾಕು. ಈ ವಾರದ ಸಂತಿ ಮುಗಿಸಿ ಆಕಿನ್ನ ಕರಕೊಂಡು ಬಾ” ಎಂದಳು, ಹುಬ್ಬು ಗಂಟಿಕ್ಕಿಕೊಂಡೇ.

“ಆಕಿ ಬರೂದಿಲ್ಲವ್ವಾ.”

“ಯಾರಂದ್ರು?”

“ಆಕೀನ ಅಂದ್ಲು.”

ಅವ್ವ ಹಿಟ್ಟಿನ ಕೈಯನ್ನು ಹಾಗೆಯೇ ಎತ್ತಿ ಹಿಡಿದು ನನ್ನತ್ತ ನೋಡಿದಳು. ಇನ್ನೇನು ಬೈಯುತ್ತಾಳೆ ಎಂದು ಬಾಗಿಲ ಕಡೆಗೆ ಸರಿದೆ. ಆಕೆ ಬೈಯಲಿಲ್ಲ.

“ಮತ್ತೇನೇನಂದ್ಲೋ?” ಎಂದಳು.