ಹೊಸ ಕಾರು ಯಾರ ಹೆಸರಿಗೆ

ಮತ್ತೆ ನನ್ನ ಮಾತು ಅರ್ಧಕ್ಕೇ ತುಂಡಾಯ್ತು. ಕಡೂರಿನ ಶೋರೂಮಿನಲ್ಲಿ ನಾನು ಏನೇ ಕೇಳಿದರೂ ಸೇಲ್ಸ್‌ನವನು ನಡುವೆ ಬಾಯಿ ಹಾಕಿ ನಮ್ಮ ಯಜಮಾನರಿಗೆ ಉತ್ತರ ಹೇಳುತ್ತಿದ್ದ. "ಸರ್, ಈ ಎಸ್‌ಯುವಿ ಟಾಪ್ ಮಾಡೆಲ್ಲು, ನೀವು ಓಡಿಸಿದ್ರೆ..."

"ಅವ್ರಿಗೆ ಡ್ರೈವಿಂಗೇ ಬರಲ್ಲ ಕಣಪ್ಪಾ. ಹೊರಗೆ ನಿಂತಿರೋ ಹಳೇ ಕಾರಿಗೆ ತೆಂಗಿನಕಾಯಿ ಚೀಲ ತುಂಬ್ಕೊಂಡು, ಮಗೂನ ಪಕ್ಕದಲ್ಲಿ ಕೂರಿಸ್ಕೊಂಡು ಪಂಚನಹಳ್ಳಿಯಿಂದ ಓಡಿಸ್ತಿರೋಳು ನಾನು. ಮೊದ್ಲು ಇದರ ಹಿಂದಿನ ಸೀಟು ಮಡಚಿ ತೋರಿಸು."

ಯಜಮಾನರು ನಕ್ಕರು. ಅವನು ತೆಪ್ಪಗೆ ಸೀಟು ಮಡಚಿದ. ಒಂದು ಸುತ್ತು ಓಡಿಸಿ ಬಂದು, ಇದೇ ಇರಲಿ ಎಂದೆ.

"ಯಾರ ಹೆಸರಿಗೆ ಬರೀಲಿ ಮೇಡಂ?"

"ಇನ್ಯಾರಿಗೆ? ಯಜಮಾನ್ರ ಹೆಸರಿಗೇ ಬರಿ," ಅಂದುಬಿಟ್ಟೆ.

ಅವನು ಪೆನ್ನು ಎತ್ತಿ ಹಿಡಿದು ಕೇಳಿದ:

"ಆರಿಸಿದ್ದು ನೀವು, ಓಡಿಸೋದೂ ನೀವು. ಹೆಸರು ಯಾಕೆ ಮೇಡಂ ಅವರದು?"