ಅಳಿಸುವ ಮೊದಲು ಫೋನ್ ಮಾಡುತ್ತಿದ್ದವರು

ಸಂಧಿವಾತದಿಂದ ಸೊಟ್ಟಗಾಗಿದ್ದ ಬಲಗೈಯ ತೋರುಬೆರಳೊಂದರಲ್ಲೇ ಅವರು ಟೈಪ್ ಮಾಡುತ್ತಿದ್ದರು. ಒಂದೊಂದು ಅಕ್ಷರಕ್ಕೂ ಕತ್ತು ಮುಂದಕ್ಕೆ ಬಾಗುತ್ತಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಅವರು ಪಾಲಿಬೆಟ್ಟದ ಸುತ್ತಿನ ನಮಗೆಲ್ಲ ಸಿಸ್ಟರ್. ನಮ್ಮ ಆರೋಗ್ಯದ ವಾಟ್ಸಾಪ್ ಗುಂಪಿಗೆ ಅವರೇ ಅಡ್ಮಿನ್.

ಯಾರಾದರೂ ಗುಂಪಿನಲ್ಲಿ ತಪ್ಪು ಮದ್ದಿನ ಮೆಸೇಜ್ ಹಾಕಿದರೆ, ಅಳಿಸುವ ಮೊದಲು ಸಿಸ್ಟರ್ ಅವರಿಗೆ ಫೋನ್ ಮಾಡುತ್ತಿದ್ದರು. "ನಿಮ್ಮ ಮೆಸೇಜ್ ತೆಗೀತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಮಗು ಕೆಮ್ಮು ಹೇಗಿದೆ?" ಆದರೂ ಕೆಲವರು ಸಿಟ್ಟಾಗಿ ಗುಂಪು ಬಿಡುತ್ತಿದ್ದರು. ಮಾರನೆಯ ದಿನ ಇವರೇ ಅವರ ಮನೆಗೆ ಹೋಗಿ ಕಾಫಿ ಕುಡಿದು, ಮತ್ತೆ ಸೇರಿಸಿ ಬರುತ್ತಿದ್ದರು.

ಒಂದು ಬೆಳಗ್ಗೆ ನನ್ನ ಗಂಡನಿಗೆ ಎದೆಯುರಿ, ಎಡಗೈ ಸೆಳೆತ. ಗುಂಪಿನಲ್ಲಿ ಕೇಳಿದೆ. ಗ್ಯಾಸ್ ಇರಬೇಕು, ಓಮದ ನೀರು ಕೊಡಿ ಎಂದು ಸಾಲುಸಾಲಾಗಿ ಉತ್ತರ ಬಂತು. ನೋಡುತ್ತಿದ್ದಂತೆ ಅವೆಲ್ಲ ಮಾಯವಾದವು. ಅಂದು ಮಾತ್ರ ಅವರು ಮೊದಲು ಅಳಿಸಿ, ಆಮೇಲೆ ಫೋನ್ ಮಾಡಿದ್ದರು, ಅದೂ ನನಗೆ.

"ಓಮ ಗೀಮ ಏನೂ ಬೇಡ. ಈಗ್ಲೇ ಜೀಪ್ ಕರೀರಿ. ಅವರನ್ನ ನಡೆಸ್ಬೇಡಿ, ಎತ್ತಿ ಕೂರಿಸಿ."

ಗೋಣಿಕೊಪ್ಪಲಿನ ಡಾಕ್ಟರು ಹೃದಯಾಘಾತ ಎಂದರು. ಗಂಡ ಉಳಿದರು.

ಎರಡು ವರ್ಷದ ಮೇಲೆ ಸಿಸ್ಟರಿಗೇ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ಗುಂಪಿನ ತುಂಬ ಅವರಿಗಾಗಿ ಸೊಪ್ಪು, ಕಷಾಯ, ಹರಕೆ. ನಾನು ನೋಡಲು ಹೋದಾಗ ದಿಂಬಿಗೊರಗಿ ಒಂದೊಂದನ್ನೇ ಅಳಿಸುತ್ತಿದ್ದರು.

"ನಿಮ್ಮ ಮೇಲಿನ ಪ್ರೀತಿಗೆ ಹಾಕಿದ್ದು ಸಿಸ್ಟರ್, ಇರ್ಲಿ ಬಿಡಿ."

"ನಾನು ಸುಮ್ನಿದ್ರೆ, ಸಿಸ್ಟರೇ ಒಪ್ಪಿದ್ರು ಅಂತ ಯಾರಾದ್ರೂ ಮಾತ್ರೆ ಬಿಟ್ಬಿಡ್ತಾರೆ ಕಣಮ್ಮ."

ಆಮೇಲೆ ಫೋನನ್ನು ಮಗುಚಿಟ್ಟು ಗೋಡೆಯ ಕಡೆ ತಿರುಗಿದರು.

"ನಮ್ಮ ಗುಂಪಿನಲ್ಲಿರೋ ಕುಟ್ಟ ಊರಿನವಳೊಬ್ಬಳು ಯಾವುದೋ ಸೊಪ್ಪು ಕಳಿಸ್ತೀನಿ ಅಂದ್ಲು. ಬೇಡ ಅಂದೆ. ಅತ್ಬಿಟ್ಲು. ಒಂದು ಗಳಿಗೆ ನಂಗೂ ಕುಡಿದು ನೋಡೋಣ ಅನ್ನಿಸ್ತು. ಬದುಕೋ ಆಸೆ ನಂಗೂ ಇಲ್ವಾ?"

ನಾನು ಅವರ ಕಾಲು ಒತ್ತುತ್ತ ಕೂತೆ. ಹೊರಡುವಾಗ ನನ್ನನ್ನೂ ಅಡ್ಮಿನ್ ಮಾಡಿದರು.

ಕಾಫಿ ಹೂವಾದ ವಾರ ಅವರು ತೀರಿಕೊಂಡರು. ಕುಟ್ಟದ ಆ ಹೆಂಗಸಿಗೆ ನಾನೇ ಫೋನ್ ಮಾಡಿ ಸುದ್ದಿ ತಿಳಿಸಿದೆ. ಆಕೆ ಕೇಳಿದ್ದು ಒಂದೇ ಮಾತು.

"ಆ ಸೊಪ್ಪು ಕುಡಿದಿದ್ರೆ ಉಳೀತಿದ್ರಾ?"

ಹೌದೆಂದರೂ ಇಲ್ಲವೆಂದರೂ ಆಕೆಗೆ ನೋವೇ. ಸಿಸ್ಟರ್ ಏನು ಹೇಳುತ್ತಿದ್ದರೋ ಅದನ್ನೇ ಹೇಳಿದೆ.

"ಇಲ್ಲ ಅಕ್ಕ."

ಆಕೆ ಜೋರಾಗಿ ಅತ್ತಳು. ಅವಳ ಅಳು ನಿಲ್ಲುವವರೆಗೂ ನಾನು ಫೋನ್ ಇಡಲಿಲ್ಲ.